ನಾಲ್ಕನೆಯ ಚುಕ್ಕಿ

ಮಾರ್ಚ್ ೧೪, ಶನಿವಾರ

ಅತ್ತಿಗೆಯವರಿಗೆ ನಮಸ್ಕಾರಗಳು.

ಹೀಗೆ ಕರೆಯಬಹುದೇ ಎಂದು ಕೇಳದೆಯೇ ಕರೆದಿದ್ದೇನೆ. ತಪ್ಪೆನಿಸಿದರೆ ಆ ಒಂದು ಪದವನ್ನು ಹೊಡೆದು ಹಾಕಿ ಮುಂದೆ ಓದಿ. ನಿಮ್ಮ ಪತ್ರ ಬಂದು ಹದಿನೇಳು ದಿನವಾಯಿತು. ಕೊನೆಯಲ್ಲಿ ಫೋನ್ ನಂಬರನ್ನೂ ಕೊಟ್ಟಿದ್ದಿರಿ. ಎರಡು ಸಲ ಅರ್ಧ ನಂಬರ್ ಒತ್ತಿ ಕೆಳಗಿಟ್ಟೆ. ನಿಮ್ಮ ದನಿ ಕೇಳಿದರೆ, ಹೇಳಬೇಕಾದ್ದನ್ನು ನುಂಗಿಕೊಂಡು ನಾಲ್ಕು ಸಮಾಧಾನದ ಮಾತಾಡಿ ಮುಗಿಸಿಬಿಡುವವಳು ನಾನು. ಅದಕ್ಕೇ ಕಾಗದ.

ನೀವು ಸುತ್ತಿ ಬಳಸಿ ಕೇಳಿಲ್ಲ. ರೇಡಿಯೊ ಕೋಣೆ ಗುಡಿಸುವಾಗ ಯಜಮಾನರ ಲಾಗ್ ಪುಸ್ತಕಗಳು ಸಿಕ್ಕವು, ಹನ್ನೊಂದು ವರ್ಷ ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಯ ಎದುರಿಗೆ ‘ಗುಬ್ಬಿ’ ಎಂದು ಬರೆದಿದೆ, ಡ್ರಾಯರಿನಲ್ಲಿ ನಿಮ್ಮ ವಿಳಾಸವಿದ್ದ ಕಾರ್ಡು ಸಿಕ್ಕಿತು, ಆ ಗುಬ್ಬಿ ನೀವೇನಾ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದ್ದೀರಿ. ಐದು ತಿಂಗಳು ನನ್ನ ಜೊತೆ ಮಾತು ಬಿಟ್ಟವರು ನಿಮ್ಮ ಹತ್ತಿರ ಏನು ಮಾತಾಡುತ್ತಿದ್ದರು ಎಂದು ಕೇಳಿದ್ದೀರಿ. ಆಮೇಲೆ ಪುಟದ ಕೆಳಗೆ, ಬೇರೆ ಪೆನ್ನಿನಲ್ಲಿ, ಮತ್ತೊಂದು ದಿನ ಬರೆದಂತಿರುವ ಆ ಎರಡು ಸಾಲು. ಅವರು ತಾರಸಿಯಿಂದ ಬಿದ್ದು ತೀರಿಕೊಂಡರು ಎಂದು ನೀವು ಹೇಳುತ್ತೀರಿ. ಹಾರಿದರು ಎಂದು ಬೀದಿಯವರು ಹೇಳುತ್ತಾರೆ.

ಹೌದು, ಗುಬ್ಬಿ ನಾನೇ.

ನಾನು ನ್ಯಾಯಾಲಯದಲ್ಲಿ ಟೈಪಿಸ್ಟ್. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಅಚ್ಚು ಹಾಕುವುದು ನನ್ನ ಕೆಲಸ. ಮದುವೆಯಾಗಲಿಲ್ಲ, ಅಮ್ಮನ ಜೊತೆ ಇದ್ದೆ. ನನಗೆ ನಲವತ್ತೊಂದಾಗಿದ್ದಾಗ ಅಮ್ಮ ಹೋದರು. ಉಳಿದ ಆರು ದಿನ ಕಚೇರಿಯ ಗಲಾಟೆಯಲ್ಲಿ ಕಳೆದುಹೋಗುತ್ತಿದ್ದವು. ಭಾನುವಾರ ಮಾತ್ರ ಮನೆ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಗ್ರಂಥಾಲಯದ ಮಹಡಿಯಲ್ಲಿ ಮೋರ್ಸ್, ಅಂದರೆ ಟೆಲಿಗ್ರಾಫಿನ ಸಂಕೇತ, ಕಲಿಸುತ್ತಾರೆ ಎಂಬ ಚೀಟಿ ನೋಡಿ ಹೋದೆ. ಹೊಲಿಗೆ ಕಲಿಸುತ್ತಾರೆ ಎಂದಿದ್ದರೆ ಅದಕ್ಕೂ ಹೋಗುತ್ತಿದ್ದೆನೇನೋ.

ಕಲಿಸುತ್ತಿದ್ದವರು ಹಡಗಿನಲ್ಲಿ ರೇಡಿಯೊ ಕೆಲಸ ಮಾಡಿ ನಿವೃತ್ತರಾದವರು. ನಾವು ಹಡಗಿನ ಮೇಷ್ಟ್ರು ಎನ್ನುತ್ತಿದ್ದೆವು. ಮೊದಲ ದಿನ ನಾನು ಚುಕ್ಕಿ, ಗೀಟು ಎಂದು ಪಟ್ಟಿ ಬರೆದುಕೊಳ್ಳುತ್ತಿದ್ದರೆ ಕೈಯಿಂದ ಪೆನ್ನು ಕಿತ್ತುಕೊಂಡರು. "ಕಣ್ಣಲ್ಲಿ ಕಲೀಬೇಡಮ್ಮ, ಕಿವೀಲಿ ಕಲಿ. ಮಗು ಮಾತು ಕಲಿಯೋದು ಬರ್ಕೊಂಡಲ್ಲ." ಚುಕ್ಕಿ ಎಂದರೆ ‘ಡಿ’, ಗೀಟು ಎಂದರೆ ‘ಡಾ’. ಮೂರು ತಿಂಗಳು ನನ್ನ ತಲೆಯಲ್ಲಿ ಡಿ-ಡಾ ಬಿಟ್ಟರೆ ಬೇರೇನೂ ಇರಲಿಲ್ಲ. ಬಸ್ಸಿನ ಹಾರನ್ ಅಕ್ಷರವಾಗಿ ಕೇಳಿಸುತ್ತಿತ್ತು. ಒಂದು ದಿನ ನ್ಯಾಯಾಧೀಶರು ಬೇಜಾರಿಗೆ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದದ್ದನ್ನೂ ಸಾಕ್ಷಿ ಹೇಳಿಕೆಯ ನಡುವೆ ಅಕ್ಷರ ಮಾಡಿ ಟೈಪ್ ಮಾಡಿಬಿಟ್ಟಿದ್ದೆ. ಆ ಹಾಳೆ ಹರಿದು ಮತ್ತೆ ಹೊಡೆಯಬೇಕಾಯಿತು.

ಪರೀಕ್ಷೆ ಪಾಸಾಗಿ, ಹವ್ಯಾಸಿ ರೇಡಿಯೊದ ಲೈಸೆನ್ಸ್ ಬಂದು, ಯಾರೋ ಬಳಸಿ ಬಿಟ್ಟ ಸೆಟ್ಟು ತಂದು, ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕಿಗೆ ತಂತಿ ಕಟ್ಟಿ ಕೂತೆ. ಮೂರು ಭಾನುವಾರ ಯಾರಾದರೂ ಇದ್ದೀರಾ ಎಂದು ಕೂಗಿದೆ. ಯಾರೂ ಉತ್ತರಿಸಲಿಲ್ಲ. ತಡವರಿಸುವವರ ಜೊತೆ ಮಾತಾಡಲು ಯಾರಿಗೆ ಪುರುಸೊತ್ತು? ನಾಲ್ಕನೆಯ ಭಾನುವಾರ ಒಬ್ಬರು ಉತ್ತರಿಸಿದರು. ಅವರು ನನಗಿಂತ ಮೂರು ಪಟ್ಟು ವೇಗವಾಗಿ ಕಳಿಸಬಲ್ಲವರು ಎಂದು ಆಮೇಲೆ ತಿಳಿಯಿತು. ಆವತ್ತು ನನ್ನ ವೇಗಕ್ಕೇ ಇಳಿದು, ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಮಗುವಿಗೆ ತುತ್ತು ನುಂಗಲು ಬಿಡುವಷ್ಟು ಬಿಡುವು ಕೊಟ್ಟು ಮಾತಾಡಿದರು. ನನ್ನ ಬಡಿತ ಕೇಳಿದರೆ ಅಂಗಳದಲ್ಲಿ ಗುಬ್ಬಿ ಕಾಳು ಕುಕ್ಕಿದ ಹಾಗಿದೆ ಎಂದರು. ಹೆಸರು ಹಾಗೆ ಬಂತು, ಅತ್ತಿಗೆ. ಅದರಲ್ಲಿ ಬೇರೆ ಅರ್ಥವಿಲ್ಲ.

ಏನಾಗಬೇಕು ಎಂಬುದಕ್ಕೆ ನನ್ನ ಹತ್ತಿರ ಸರಿಯಾದ ಪದವಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅದಕ್ಕೆ ಈ ಪತ್ರದಲ್ಲಿ ಅಣ್ಣ ಎನ್ನುತ್ತೇನೆ. ರೇಡಿಯೊದಲ್ಲಿ ಅಣ್ಣನೂ ಇಲ್ಲ ತಂಗಿಯೂ ಇಲ್ಲ, ಗುರುತಿನ ಅಕ್ಷರಗಳು ಅಷ್ಟೆ. ಮಾತಾಡುತ್ತಿದ್ದದ್ದೂ ಅಂಥ ದೊಡ್ಡ ವಿಷಯವಲ್ಲ. ಇಲ್ಲಿ ಸೆಕೆ, ಅಲ್ಲಿ ಮೋಡ. ನನ್ನ ಮೇಲಧಿಕಾರಿಯ ಗೊರಕೆ. ಅವರ ಕೆತ್ತನೆ ಅಂಗಡಿಗೆ ಬಂದ ಬಹುಮಾನದ ಬಟ್ಟಲುಗಳು, ಅದರಲ್ಲಿ ಒಂದರ ಮೇಲೆ ಗೆದ್ದವನ ಹೆಸರಿನ ಬದಲು ಸೋತವನ ಹೆಸರು ಕೆತ್ತಿದ್ದು. ಮುಕ್ಕಾಲು ಪಾಲು ನಿಮ್ಮ ಸುದ್ದಿ. ನೀವು ಆ ಸೆಟ್ಟನ್ನು ‘ನನ್ನ ಸವತಿ’ ಎನ್ನುತ್ತಿದ್ದಿರಂತೆ. "ಸವತಿ ಜೊತೆ ಮಾತಾಡಿ ಮುಗೀತಾ, ಬಂದು ಚಹಾ ಕುಡೀರಿ" ಎಂದು ಅಡುಗೆಮನೆಯಿಂದ ನೀವು ಕೂಗಿದ್ದನ್ನು ಅಕ್ಷರ ಅಕ್ಷರವಾಗಿ ನನಗೆ ಕಳಿಸಿ, ಇನ್ನು ಹೊರಟೆ ಎನ್ನುತ್ತಿದ್ದರು. ಆ ಮಾತಿಗೆ ನಾನು ಒಬ್ಬಳೇ ಕೂತು ನಗುತ್ತಿದ್ದೆ. ಈಗ ನಿಮ್ಮ ಪತ್ರದಲ್ಲಿ ಅದೇ ಪದವನ್ನು ನೀವು ನಗದೆ ಬರೆದಿರುವುದನ್ನು ಓದಿದೆ.

ನನಗೆ ಭಾನುವಾರದ ಆ ಮುಕ್ಕಾಲು ಗಂಟೆ ಬೇಕಿತ್ತು. ಬೇಕೇ ಬೇಕಿತ್ತು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ನಾವು ಭೇಟಿಯಾಗಿದ್ದೆವೇ ಎಂದು ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಐದು ವರ್ಷದ ಹಿಂದೆ ಕಚೇರಿಯ ಕಡತ ತಲುಪಿಸಲು ನಿಮ್ಮ ಊರಿಗೆ ಬಂದಿದ್ದೆ. ಕೆಲಸ ಬೇಗ ಮುಗಿಯಿತು. ವಿಳಾಸ ನನಗೆ ಬಾಯಿಪಾಠ. ಅಮ್ಮನ ಹೆಸರು ಕೆತ್ತಿಸುವ ನೆಪ ಮಾಡಿಕೊಂಡು ಅಂಗಡಿಗೆ ಹೋದೆ. ಅಂಗೈಯಷ್ಟು ಹಿತ್ತಾಳೆ ಹಲಗೆ. ಅಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಳಿಯನ್ನು ಪೆನ್ನಿನ ಹಾಗೆ ಹಿಡಿದು, ಒಂದೇ ಉಸಿರಿಗೆ ಒಂದು ಅಕ್ಷರ ಎಳೆದರು. ಅವರ ಮೋರ್ಸ್ ಕೂಡ ಹಾಗೇ ಇತ್ತು. ಅವಸರವಿಲ್ಲ, ಅಲುಗಾಟವಿಲ್ಲ. ಪ್ರತಿಯೊಬ್ಬರಿಗೂ ಅವರದೇ ಕೈ ಇರುತ್ತದೆ, ಬರಹದ ಹಾಗೆ. ಸಾವಿರ ಜನರ ನಡುವೆ ಅಣ್ಣನ ಕೈಯನ್ನು ನಾನು ಗುರುತಿಸಬಲ್ಲವಳಾಗಿದ್ದೆ. ಅದನ್ನು ಕಣ್ಣಾರೆ ನೋಡುತ್ತ ನಿಂತಿದ್ದೆ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ನೀವು ಬಂದಿರಿ. ನೀಲಿ ಅಂಚಿನ ಸೀರೆ ಉಟ್ಟಿದ್ದಿರಿ. ನನ್ನನ್ನು ನೋಡಿ, "ಇವ್ರಿಗೆ ಹೊತ್ತು ಗೊತ್ತಾಗಲ್ಲಮ್ಮ. ಕೆತ್ತೋಕೆ ಕೂತ್ರೆ ಹೊಟ್ಟೆ ಇದೆ ಅನ್ನೋದೇ ಮರೀತಾರೆ. ನೀವಾದ್ರೂ ಸ್ವಲ್ಪ ಹೇಳಿ" ಎಂದಿರಿ. ನಾನು "ಊಟ ಮಾಡಿ, ನಾನು ಕಾಯ್ತೀನಿ" ಎಂದೆ. ಅಣ್ಣ ತಲೆಯೆತ್ತದೆ "ಇನ್ನು ಎರಡೇ ಅಕ್ಷರ" ಎಂದರು. ನೀವು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಿರಿ.

ನಾನು ಯಾರೆಂದು ಹೇಳಲಿಲ್ಲ. ಹೇಳಿದ್ದರೆ ನೀವು ಮನೆಗೆ ಕರೆಯುತ್ತಿದ್ದಿರಿ, ಊಟ ಹಾಕುತ್ತಿದ್ದಿರಿ, ಇವತ್ತು ಈ ಪತ್ರ ಬರೆಯುವ ಕಷ್ಟ ನಮ್ಮಿಬ್ಬರಿಗೂ ಇರುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಬಹಳ ಕೇಳಿಕೊಂಡಿದ್ದೇನೆ. ಹಲಗೆ ತೆಗೆದುಕೊಂಡು ಬಂದುಬಿಟ್ಟೆ. ಅಣ್ಣನಿಗೂ ಎಂದೂ ತಿಳಿಸಲಿಲ್ಲ.

ಈಗ ಕಷ್ಟದ ಭಾಗ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅಣ್ಣ ‘ಸರಿ’ ಎಂದು ಕಳಿಸಿದ್ದು ನನಗೆ ‘ಹರಿ’ ಎಂದು ಕೇಳಿಸಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕಳಿಸುತ್ತಿದ್ದೆವು; ಎಸ್ ಅಕ್ಷರಕ್ಕೆ ಮೂರು ಚುಕ್ಕಿ, ಎಚ್ ಅಕ್ಷರಕ್ಕೆ ನಾಲ್ಕು. ಒಂದು ಚುಕ್ಕಿ ಹೆಚ್ಚಾಗಿ ಬಿದ್ದಿತ್ತು. ಏನನ್ನು ಹರಿಯಬೇಕು ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಮುಂದಿನ ವಾರ ‘ಸುಮ್ಮನೆ’ ‘ಹುಮ್ಮನೆ’ ಆಯಿತು. ಚುಕ್ಕಿ, ಗೀಟು ಬಡಿಯುವ ಕೀಲಿಯ ಬಾಯಿಗೆ ಧೂಳು ಕೂತಿರಬೇಕು, ಒರೆಸಿ ಎಂದೆ. ಒರೆಸಿದರು. ಅದರ ಮುಂದಿನ ವಾರ ಮತ್ತೆ ಅದೇ. ಒಂಬತ್ತು ವರ್ಷದಲ್ಲಿ ಒಂದು ಚುಕ್ಕಿ ತಪ್ಪದ ಕೈ ಅದು. ಧೂಳಲ್ಲ ಎಂದು ನನಗೆ ಆವತ್ತೇ ಗೊತ್ತಾಯಿತು. ಕೈಗೆ ಏನಾಗಿದೆ ಎಂದು ಕೇಳಿದೆ.

ಅವರು ನಿಧಾನವಾಗಿ ಕೇಳಿದರು, ನಿನಗೆ ಕೇಳಿಸುತ್ತಾ ಎಂದು. ಕೇಳಿಸುತ್ತೆ ಎಂದೆ. ಮನೆಯಲ್ಲಿ ಯಾರಿಗೂ ಕಂಡಿಲ್ಲ, ನಿನಗೆ ಕೇಳಿಸಿಬಿಟ್ಟಿತು ಎಂದರು.

ಅವರ ಅಪ್ಪನಿಗೆ ಇದ್ದದ್ದೇ ನಡುಕ. ಪಕ್ಕದ ಊರಿನ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರು. ಮಾತ್ರೆಗಳನ್ನು ರೇಡಿಯೊದ ಹಿಂದೆ ಇಟ್ಟಿದ್ದರು. ಕಣ್ಣು ಮಂಜಾಯಿತು ಎಂದು ನಿಮಗೆ ಹೇಳಿ ಅಂಗಡಿಯನ್ನು ಪಾಲುದಾರನಿಗೆ ಬಿಟ್ಟದ್ದು ಈ ಕಾರಣಕ್ಕೆ, ಅತ್ತಿಗೆ. ನೀವು ಬಲವಂತ ಮಾಡಿ ಎರಡು ಸಲ ಕನ್ನಡಕ ಮಾಡಿಸಿದಿರಂತೆ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಎರಡು ಕನ್ನಡಕದಲ್ಲೂ ಪ್ರಪಂಚ ಕಲಸಿದ ಹಾಗೆ ಕಾಣುತ್ತಿತ್ತು ಎಂದು ನನಗೆ ಹೇಳಿದ್ದರು, ಆದರೂ ನಿಮ್ಮ ಎದುರಿಗೆ ಹಾಕಿಕೊಳ್ಳುತ್ತಿದ್ದರು.

ಚಹಾ ಲೋಟ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ನನ್ನ ಜೊತೆ ಕೂತು ಉಣ್ಣುವುದನ್ನೂ ಬಿಟ್ಟರು ಎಂದು ಬರೆದಿದ್ದೀರಿ. ಲೋಟ ತುಳುಕುವುದು ನಿಮಗೆ ಕಾಣಬಾರದು ಎಂದು. ಕೈ ಎರಡನ್ನೂ ಜೇಬಿನಲ್ಲಿ ಇಟ್ಟುಕೊಂಡು ಸಾಹೇಬರ ಹಾಗೆ ಮನೆ ತುಂಬ ಓಡಾಡುತ್ತಿದ್ದರು, ಹುಟ್ಟಿದ ಮೊಮ್ಮಗಳನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ, ಮಗಳು ಅತ್ತುಕೊಂಡು ಹೋದಳು ಎಂದು ಬರೆದಿದ್ದೀರಿ. ಆ ಭಾನುವಾರ ಅವರು ನನಗೆ ಕಳಿಸಿದ್ದು ಬರೀ ಆ ಮಗುವಿನ ಸುದ್ದಿ. ಅದರ ಕಿವಿ ನಿಮ್ಮ ಕಿವಿಯ ಹಾಗಿದೆಯಂತೆ. ನೀವು ಹಿತ್ತಿಲಲ್ಲಿದ್ದಾಗ ತೊಟ್ಟಿಲ ಮೇಲೆ ಬಗ್ಗಿ ಮೂಸಿ ನೋಡಿದರಂತೆ. ಯಾಕೆ ಎತ್ತಿಕೊಳ್ಳಲಿಲ್ಲ ಎಂದದ್ದಕ್ಕೆ, ಬೀಳಿಸಿಬಿಟ್ಟರೆ ಎಂದರು.

ಅತ್ತಿಗೆಗೆ ಹೇಳಿಬಿಡಿ ಎಂದು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಒಂದು ಸಲ ಅವರಿಗೆ ಸಿಟ್ಟು ಬಂತು. ಆವತ್ತು ಕಳಿಸಿದ್ದನ್ನು ಕಾಗದದ ಮೇಲೆ ಬರೆದುಕೊಂಡೆ, ಇಗೋ ಹಾಗೇ ಇಳಿಸುತ್ತೇನೆ. "ನನ್ನ ಅಪ್ಪ ಆರು ವರ್ಷ ನಡುಗಿದ. ಆರು ವರ್ಷವೂ ಅವನ ಬಾಯಿಗೆ ಚಮಚ ಹಿಡಿದವಳು ಅವಳು. ಬಟ್ಟೆ ಬದಲಿಸಿದವಳು ಅವಳು. ನಾನು ಅಂಗಡಿಯಲ್ಲಿ ಕೂತಿದ್ದೆ. ಅಪ್ಪ ಹೋದ ದಿನ ಅವಳು ಅಳಲಿಲ್ಲ, ಮಲಗಿಬಿಟ್ಟಳು, ಎರಡು ದಿನ ಏಳಲಿಲ್ಲ. ಇನ್ನೊಂದು ಸಲ ಅದನ್ನು ಕೇಳೋಕೆ ನನಗೆ ಮುಖ ಇಲ್ಲ. ಅವಳು ನನ್ನ ಮೇಲೆ ಕೋಪ ಮಾಡ್ಕೊಂಡಿರಲಿ. ಕೋಪ ಮಾಡ್ಕೊಂಡವಳು ರಾತ್ರಿ ನಿದ್ದೆ ಮಾಡ್ತಾಳೆ."

ಇದನ್ನು ಕಳಿಸಲು ಅವರಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಅದರಲ್ಲಿ ಎಷ್ಟೋ ಪದಗಳನ್ನು ನಾನು ಊಹೆಯ ಮೇಲೆ ಜೋಡಿಸಿದ್ದೇನೆ. ಹೆಚ್ಚಾದ ಚುಕ್ಕಿಗಳನ್ನು ಒಂದೊಂದಾಗಿ ತೆಗೆದುಹಾಕುತ್ತ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಓದುತ್ತಿದ್ದೆ. ಕೊನೆಗೆ ಮಾತು ಕೊಡು ಎಂದರು. ಕೊಟ್ಟೆ.

ಆ ಮಾತನ್ನು ಉಳಿಸಿಕೊಂಡೆ ಎಂದು ಈಗ ಹೆಮ್ಮೆಯಿಂದ ಹೇಳಿಕೊಳ್ಳಲಾರೆ. ನಿಮ್ಮ ವಿಳಾಸ ಬರೆದ ಲಕೋಟೆ ಒಂದು ವರ್ಷ ನನ್ನ ಮೇಜಿನ ಮೇಲಿತ್ತು. ಒಳಗೆ ಎರಡೇ ಸಾಲು ಸಾಕಿತ್ತು. ನೀವಿಬ್ಬರೂ ಒಂದೇ ಮನೆಯಲ್ಲಿ ಐದು ತಿಂಗಳು ಮೂಗರ ಹಾಗೆ ಓಡಾಡಿಕೊಂಡಿದ್ದಿರಿ, ಯಾಕೆ ಎಂದು ಊರಾಚೆ ಕೂತ ನನಗೊಬ್ಬಳಿಗೆ ಗೊತ್ತಿತ್ತು. ನಾನು ಲಕೋಟೆ ಅಂಟಿಸಲಿಲ್ಲ. ಮಾತು ಮುರಿದರೆ ಅವರು ಮತ್ತೆ ಭಾನುವಾರ ಬರುವುದಿಲ್ಲ ಎಂಬ ಹೆದರಿಕೆ. ಅದೇ ನಿಜವಾದ ಕಾರಣ. ನಿಷ್ಠೆ ಗಿಷ್ಠೆ ಎಲ್ಲ ನಾನು ಆಮೇಲೆ ಹಚ್ಚಿಕೊಂಡ ಬಣ್ಣ.

ಕೊನೆಕೊನೆಗೆ ಅವರ ವೇಗ ನಾನು ಮೊದಲ ದಿನ ಕಳಿಸುತ್ತಿದ್ದಷ್ಟಕ್ಕೆ ಇಳಿದಿತ್ತು. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಕೀಲಿ ಒತ್ತುತ್ತೇನೆ ಎಂದಿದ್ದರು. ಮಾತು ಬಾಯಲ್ಲಿ ಆಡಿ ಕಳಿಸಬಹುದಲ್ಲ, ಮೈಕು ಇದೆಯಲ್ಲ ಎಂದೆ. ಬಾಯಲ್ಲಾದರೆ ಪಕ್ಕದ ಕೋಣೆಗೆ ಕೇಳಿಸುತ್ತೆ ಎಂದರು. ಪಕ್ಕದ ಕೋಣೆಯಲ್ಲಿ ನೀವಿರುತ್ತಿದ್ದಿರಿ.

ಅವರು ಬೀಳುವ ಹಿಂದಿನ ದಿನ, ಜನವರಿಯ ಆ ಭಾನುವಾರವೂ ಮಾತಾಡಿದೆವು, ಹೆಚ್ಚೇನಿಲ್ಲ. ಮುಂದಿನ ಭಾನುವಾರ ಅವರು ಬರಲಿಲ್ಲ. ನೆಗಡಿಯಿರಬೇಕು ಎಂದುಕೊಂಡೆ. ಅದರ ಮುಂದಿನ ವಾರವೂ ಇಲ್ಲ. ಅವರ ಗುರುತಿನ ಅಕ್ಷರಗಳನ್ನು ಕೂಗಿ ಎರಡು ನಿಮಿಷ ಕೇಳುವುದು, ಮತ್ತೆ ಕೂಗುವುದು. ಐದೂಮುಕ್ಕಾಲರವರೆಗೆ ಹಾಗೇ ಕೂತಿರುತ್ತಿದ್ದೆ. ಬೇರೆಯವರು ಯಾರೋ ಉತ್ತರಿಸಿದರೆ ಅವರ ಮೇಲೆ ಸುಮ್ಮನೆ ಕೋಪ ಬರುತ್ತಿತ್ತು. ಆರು ವಾರದ ಮೇಲೆ ನಿಮ್ಮ ಪತ್ರ ಬಂತು. ಕಚೇರಿಗೆ ಹೊರಟವಳು ಮೆಟ್ಟಿಲ ಮೇಲೆಯೇ ಕೂತು ಓದಿದೆ. ಮೇಲಿನ ಮನೆಯಾಕೆ ಇಳಿದು ಬಂದು "ಏನಾಯ್ತಮ್ಮ, ನೀರು ಕೊಡ್ಲಾ?" ಎಂದರು. ನಮ್ಮ ಅಣ್ಣ ಹೋದರು ಎಂದೆ. ನಿಮಗೆ ಅಣ್ಣ ಇದ್ದದ್ದೇ ಗೊತ್ತಿರಲಿಲ್ಲ ಎಂದರು ಅವರು.

ಬೀದಿಯವರ ಮಾತಿಗೆ ಬರುತ್ತೇನೆ. ಅವರು ಹಾರಲಿಲ್ಲ, ಅತ್ತಿಗೆ. ಜೀವ ಬೇಡ ಎಂಬ ಮಾತು ಅವರ ಕೈಯಿಂದ ಒಂದು ಸಲವೂ ಬರಲಿಲ್ಲ. ಮೊಮ್ಮಗಳು ನಡೆಯುವುದನ್ನು ನೋಡಬೇಕು ಎನ್ನುತ್ತಿದ್ದರು. ಮಾತ್ರೆ ಬದಲಿಸಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಆಗ ನಿಮಗೆ ಎಲ್ಲ ಹೇಳುತ್ತೇನೆ ಎನ್ನುತ್ತಿದ್ದರು. ನನ್ನನ್ನು ನಂಬಿ. ನಿಮ್ಮ ಮೇಲಿನ ಬೇಸರದಿಂದ ಏನೂ ಆಗಿಲ್ಲ. ನಿಮ್ಮ ಮೇಲೆ ಅವರಿಗೆ ಬೇಸರವೇ ಇರಲಿಲ್ಲ.

ಸೆಟ್ಟನ್ನೂ ಕೀಲಿಯನ್ನೂ ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದ್ದೀರಿ. ಅದು ನಿಮ್ಮ ಇಷ್ಟ. ನನಗೆ ಬೇಡ. ರೇಡಿಯೊದ ಹಿಂದೆ ಕೈ ಹಾಕಿ ನೋಡಿ, ಡಾಕ್ಟರ ಚೀಟಿ ಮತ್ತು ಮಾತ್ರೆಯ ಡಬ್ಬಿ ಇರಬೇಕು. ಮಗಳಿಗೂ ತೋರಿಸಿ. ಅಪ್ಪ ಮಗುವನ್ನು ಯಾಕೆ ಎತ್ತಿಕೊಳ್ಳಲಿಲ್ಲ ಎಂದು ಅವಳಿಗೆ ತಿಳಿಯಬೇಕು.

ನನ್ನ ಮೇಲೆ ನಿಮಗೆ ಎಷ್ಟು ಕೋಪ ಬಂದರೂ ಅದು ನ್ಯಾಯವೇ.

ಇಂತಿ,
ಗುಬ್ಬಿ

ಮತ್ತೆ: ಇದನ್ನು ಮರೆತು ಬಿಟ್ಟದ್ದಲ್ಲ. ಇದನ್ನು ಬರೆಯದೆಯೇ ಮೂರು ಸಲ ಲಕೋಟೆ ಅಂಟಿಸಿ ಮೂರು ಸಲ ಹರಿದಿದ್ದೇನೆ. ಜನವರಿಯ ಆ ಭಾನುವಾರ ಹೆಚ್ಚೇನಿಲ್ಲ ಎಂದೆನಲ್ಲ. ಆವತ್ತು ಅಣ್ಣ ಏಳೆಂಟು ನಿಮಿಷ ಕಳಿಸಿದರು. ನನಗೆ ಒಂದು ಪದವೂ ಸಿಗಲಿಲ್ಲ. ಬರೀ ಚುಕ್ಕಿಗಳು, ಒಂದರ ಮೇಲೊಂದು, ಹಂಚಿನ ಮೇಲೆ ಮಳೆ ಬಿದ್ದ ಹಾಗೆ. ಕೊನೆಗೆ, ತಿಳಿಯಿತಾ ಎಂದು ಕೇಳಿದ್ದು ಮಾತ್ರ ಹೇಗೋ ತಿಳಿಯಿತು. ನಿಮ್ಮ ಕೈ ಹೋಯಿತು ಅಣ್ಣ ಎಂದು ಹೇಳಲು ನನ್ನಿಂದ ಆಗಲಿಲ್ಲ. ನಿಮ್ಮ ಸಿಗ್ನಲ್ ತುಂಬ ಸಣ್ಣಗೆ ಬರುತ್ತಿದೆ, ಗಾಳಿಗೆ ತಾರಸಿ ಮೇಲಿನ ತಂತಿ ಸಡಿಲವಾಗಿರಬೇಕು ಎಂದು ಕಳಿಸಿದೆ. ಸಿಗ್ನಲ್ ಪಕ್ಕದ ಕೋಣೆಯಿಂದ ಬಂದಷ್ಟು ಗಟ್ಟಿಯಾಗಿತ್ತು. ಅವರು ಉತ್ತರಿಸಿದರು. ಆ ಉತ್ತರದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಚುಕ್ಕಿಯೂ ಹೆಚ್ಚಿರಲಿಲ್ಲ: "ಹಾಗಾದರೆ ಕೈ ಅಲ್ಲ, ತಂತಿ. ನಾಳೆ ಬೆಳಿಗ್ಗೆ ಹತ್ತಿ ಬಿಗಿ ಮಾಡ್ತೀನಿ." ಅವರು ಸಂತೋಷದಿಂದ ಹತ್ತಿದರು, ಅತ್ತಿಗೆ. ಬೀದಿಯವರಿಗೆ ಈ ಹಾಳೆ ತೋರಿಸಿ.